ಕುರುಡ ಮಕ್ಕಳಿಗೆ ಸ್ವರಜ್ಞಾನ ಕೊಟ್ಟ ಗುರು: ಪಂಚಾಕ್ಷರಿ ಗವಾಯಿಗಳ ಚರಿತ್ರೆ

ನಿಂಬರ್ಗಾ ಮೊದಲ್ಗೊಂಡು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹಾಡಿಲ್ಲದ ಹಳ್ಳಿ ಒಂದೂ ಇಲ್ಲ. ಏಕತಾರಿ ಹಿಡಿದು ತತ್ವಪದ ಹೇಳುವವರು ಈ ಸೀಮೆಯಲ್ಲಿ ಬಹಳ ಮಂದಿ. ನಮ್ಮ ಗ್ರಾಮಸಭೆಗಳಲ್ಲಿಯೂ ಹಾರ್ಮೋನಿಯಮ್ ತಬಲಾಗಳೊಡನೆ ಕೀರ್ತನೆಗಳನ್ನು ಹಾಡುವೆವು. ಆದರೆ ಹಾಡು ಬಾಯಿಗೆ ಬರುವದು ಬೇರೆ. ಅದರ ಸ್ವರ ಯಾವದು, ತಾಳದ ಲೆಕ್ಕ ಎಷ್ಟು ಎಂಬದು ತಿಳಿಯುವದು ಬೇರೆ. ಮೊದಲನೆಯದು ಕೇಳಿದವರಿಗೆಲ್ಲಾ ಬರುವದು. ಎರಡನೆಯದಕ್ಕೆ ಗುರುವೂ ಶಾಲೆಯೂ ಬೇಕು. ಕಣ್ಣಿಲ್ಲದ ಬಡ ಮಕ್ಕಳಿಗಾಗಿ ಅಂಥ ಶಾಲೆಯೊಂದನ್ನು ಕಟ್ಟಿ, ತಾನೂ ಕಣ್ಣಿಲ್ಲದವನಾಗಿದ್ದ ಒಬ್ಬ ಮನುಷ್ಯನ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಚಿಕ್ಕ ಗ್ರಾಮವುಂಟು. ಅಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ಬಡ ದಂಪತಿಗಳಿದ್ದರು. 1892ರಲ್ಲಿ ಅವರಿಗೆ ಒಬ್ಬ ಮಗನು ಹುಟ್ಟಿದನು. ಗದಿಗೆಯ್ಯನೆಂದು ಅವನಿಗೆ ಹೆಸರಿಟ್ಟರು. ಅವನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅವನ ಅಣ್ಣನಾದ ಗುರುಬಸಯ್ಯನೂ ಕುರುಡನೇ. ಒಂದೇ ಬಡ ಮನೆಯಲ್ಲಿ ಇಬ್ಬರು ಕುರುಡ ಮಕ್ಕಳಿದ್ದರೆ ತಂದೆತಾಯಿಗಳ ದುಃಖವು ಎಂಥದೆಂದು ಹಳ್ಳಿಯಲ್ಲಿ ಬಾಳುವ ನಮಗೆ ಯಾರೂ ಹೇಳಬೇಕಾದದ್ದಿಲ್ಲ. ಆ ಕಾಲದಲ್ಲಿ ಅಂಥ ಮಕ್ಕಳಿಗೆ ಓದುವ ಶಾಲೆ ಇರಲಿಲ್ಲ, ಹೊಲದ ಕೆಲಸ ಆಗುತ್ತಿರಲಿಲ್ಲ. ಹೆತ್ತವರು ತೀರಿದ ಮೇಲೆ ಭಿಕ್ಷೆ ಬೇಡುವದೊಂದೇ ಅವರಿಗೆ ದಾರಿಯಾಗಿತ್ತು.

ಆದರೆ ಈ ಸಹೋದರರಿಗೆ ಇಂಪಾದ ಕಂಠವೂ ಒಮ್ಮೆ ಕೇಳಿದ್ದನ್ನು ಮರೆಯದ ಬುದ್ಧಿಯೂ ಇದ್ದವು. ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು ಇವರ ಹಾಡನ್ನು ಕೇಳಿ, ಇವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಈ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು, 1930ರಲ್ಲಿ ತೀರಿಕೊಂಡರು. ಕುರುಡನು ಹಾಡಿದಾಗ ಜನರು ಮರುಕದಿಂದ ಕಾಸು ಹಾಕಿ ಹೋಗುವದು ಲೋಕದ ವಾಡಿಕೆ. ಸ್ವಾಮಿಗಳು ಕಾಸು ಹಾಕಿ ಹೋಗಲಿಲ್ಲ. ಹುಡುಗನನ್ನು ಕಲಿಯುವದಕ್ಕೆ ಕಳುಹಿಸಿದರು. ಮುಂದೆ ನಡೆದದ್ದೆಲ್ಲಾ ಈ ಒಂದು ಕಾರ್ಯದಿಂದ ಹುಟ್ಟಿತು.

ಗದಿಗೆಯ್ಯನು ಮೈಸೂರಿಗೆ ಹೋಗಿ ಕೆಲವು ವರುಷ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದನು. ಬಳಿಕ ಮಿರಜಿನ ನೀಲಕಂಠಬುವಾ ಎಂಬ ವಿದ್ವಾಂಸರಿಂದ ಹಿಂದೂಸ್ಥಾನಿ ಸಂಗೀತವನ್ನು ಕಲಿತನು. ನೀಲಕಂಠಬುವಾ ಅವರು ಗ್ವಾಲಿಯರ್ ಪದ್ಧತಿಯವರು. ಧಾರವಾಡದ ಮಲ್ಲಿಕಾರ್ಜುನ ಮನಸೂರರೂ ತಮ್ಮ ಎಳೆವಯಸ್ಸಿನಲ್ಲಿ ಇವರ ಬಳಿಯಲ್ಲಿಯೇ ಕಲಿತರು. ಹೀಗೆ ದಕ್ಷಿಣದ ವಿದ್ಯೆಯೂ ಉತ್ತರದ ವಿದ್ಯೆಯೂ ಒಬ್ಬನೇ ಮನುಷ್ಯನಲ್ಲಿ ಕೂಡಿಕೊಂಡವು. ಪಂಚಾಕ್ಷರಿ ಗವಾಯಿಗಳೆಂಬ ಹೆಸರಿನಿಂದ ಇವರು ನಾಡಿಗೆಲ್ಲಾ ಪರಿಚಿತರಾದರು. ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ್ದರಿಂದ ಜನರು ಇವರನ್ನು ಉಭಯಗಾನವಿಶಾರದರೆಂದು ಕರೆದರು.

ಎರಡು ಪದ್ಧತಿಗಳನ್ನು ಕಲಿಯುವದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಸಂಗೀತದ ಮೊದಲ ಪಾಠವನ್ನು ನಾವು ಸ್ವಲ್ಪ ವಿವರಿಸಬೇಕು. ಸ್ವರಗಳು ಏಳು: ಸ, ರಿ, ಗ, ಮ, ಪ, ಧ, ನಿ. ಇವುಗಳಲ್ಲಿ ಸ ಮತ್ತು ಪ ಎಂಬವು ಅಲುಗದೆ ಒಂದೇ ಸ್ಥಾನದಲ್ಲಿ ನಿಲ್ಲುವವು. ರಿ, ಗ, ಧ, ನಿ ಎಂಬ ನಾಲ್ಕಕ್ಕೆ ತಗ್ಗಿನದೊಂದು, ಎತ್ತರದ್ದೊಂದು, ಹೀಗೆ ಎರಡೆರಡು ಸ್ಥಾನಗಳುಂಟು. ಮ ಎಂಬದಕ್ಕೂ ಎರಡು ಸ್ಥಾನಗಳು. ಎಲ್ಲವನ್ನೂ ಕೂಡಿಸಿದರೆ ಹನ್ನೆರಡಾಗುವವು. ಹಾರ್ಮೋನಿಯಮ್ಮಿನಲ್ಲಿ ಒಂದು ಸ ದಿಂದ ಮೇಲಿನ ಸ ಬರುವ ತನಕ ಬಿಳಿಯ ಮನೆ ಏಳು, ಕರಿಯ ಮನೆ ಐದು ಇರುವದು ಈ ಲೆಕ್ಕದಿಂದಲೇ. ಕರಿಯ ಮನೆಗಳು ಎರಡರ ಗುಂಪಾಗಿಯೂ ಮೂರರ ಗುಂಪಾಗಿಯೂ ಎದ್ದು ನಿಂತಿರುವದರಿಂದ ಕಣ್ಣಿಲ್ಲದವನೂ ಬೆರಳಿನಿಂದ ತಡವಿ ತನ್ನ ಸ್ಥಾನವನ್ನು ಕಂಡುಕೊಳ್ಳಬಲ್ಲನು.

ಹಿಂದೂಸ್ಥಾನಿ ಪದ್ಧತಿಯಲ್ಲಿ ಮೊದಲ ಪಾಠವನ್ನು ಸಾಮಾನ್ಯವಾಗಿ ಬಿಲಾವಲ್ ಸ್ವರಗಳಿಂದ ಆರಂಭಿಸುವರು. ಅದರಲ್ಲಿ ಎಲ್ಲವೂ ಶುದ್ಧಸ್ವರಗಳೇ. ಕರ್ನಾಟಕ ಪದ್ಧತಿಯಲ್ಲಿ ಮಾಯಾಮಾಳವಗೌಳ ರಾಗದಿಂದ ಆರಂಭಿಸುವರು. ಸರಳೆ, ಜಂಟಿ, ಅಲಂಕಾರ ಎಂಬ ಆ ಪಾಠಗಳ ಕ್ರಮವನ್ನು 1564ರಲ್ಲಿ ತೀರಿಕೊಂಡ ಪುರಂದರದಾಸರು ಏರ್ಪಡಿಸಿದರೆಂದು ಪರಂಪರೆಯವರು ನಂಬುವರು. ತೊಡಕು ಎಲ್ಲಿದೆಯೆಂದರೆ ಹೆಸರುಗಳಲ್ಲಿದೆ. ದಕ್ಷಿಣದವರು ಶುದ್ಧ ರಿಷಭವೆಂದು ಕರೆಯುವ ಸ್ವರವನ್ನೇ ಉತ್ತರದವರು ಕೋಮಲ ರಿಷಭವೆನ್ನುವರು. ಉತ್ತರದವರ ಶುದ್ಧ ರಿಷಭವಾದರೋ ಬೇರೊಂದು ಸ್ವರ. ಧೈವತದ ಸಂಗತಿಯೂ ಹೀಗೆಯೇ. ತಾಳಗಳಲ್ಲಿಯೂ ಎಣಿಕೆ ಬೇರೆ ಬೇರೆ. ದಕ್ಷಿಣದ ಆದಿತಾಳಕ್ಕೆ ಎಂಟು ಅಕ್ಷರಗಳು. ಅದನ್ನು ಒಂದು ಲಘು, ಎರಡು ದ್ರುತಗಳಾಗಿ ಕೈಯಿಂದ ಎಣಿಸುವರು. ಉತ್ತರದ ತೀನತಾಳಕ್ಕೆ ಹದಿನಾರು ಮಾತ್ರೆಗಳು. ನಾಲ್ಕು ನಾಲ್ಕರಂತೆ ನಾಲ್ಕು ಭಾಗಮಾಡಿ, ಮೂರನೆಯ ಭಾಗದಲ್ಲಿ ಚಪ್ಪಾಳೆಯಿಕ್ಕದೆ ಕೈಯನ್ನು ಬೀಸಿ ತೋರಿಸುವರು. ಪುಸ್ತಕ ನೋಡಿ ಕಲಿಯುವವರೇ ಇದರಲ್ಲಿ ತಡವರಿಸುವರು. ಕಣ್ಣಿಲ್ಲದವರು ಎರಡನ್ನೂ ಕಿವಿಯಿಂದ ಕೇಳಿ, ಬೆರಳಿನಿಂದ ಎಣಿಸಿ, ನೆನಪಿನಲ್ಲಿಯೇ ಇಡಬೇಕು.

ಇಷ್ಟು ವಿದ್ಯೆ ಸಂಪಾದಿಸಿದ ಗವಾಯಿಗಳ ಮುಂದೆ ಎರಡು ದಾರಿಗಳಿದ್ದವು. ಸಂಸ್ಥಾನಗಳ ದರ್ಬಾರುಗಳಲ್ಲಿಯೂ ದೊಡ್ಡ ಪಟ್ಟಣಗಳಲ್ಲಿಯೂ ಹಾಡಿ ಹಣವನ್ನೂ ಕೀರ್ತಿಯನ್ನೂ ಗಳಿಸುವದು ಒಂದು. ತನ್ನಂತೆ ಕುರುಡರಾಗಿ ಹುಟ್ಟಿದವರನ್ನೂ ದಿಕ್ಕಿಲ್ಲದವರನ್ನೂ ಕೂಡಿಸಿಕೊಂಡು ಅವರಿಗೆ ಕಲಿಸುವದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಮದುವೆಯಾಗಲಿಲ್ಲ; ಸ್ವಂತಕ್ಕೆಂದು ಆಸ್ತಿ ಕೂಡಿಸಲಿಲ್ಲ. ಅವರ ಸಂಗೀತ ಪಾಠಶಾಲೆಯು 1914ರಲ್ಲಿ ಆರಂಭವಾಯಿತು.

ಈ ಪಾಠಶಾಲೆಗೆ ಮೊದಲು ಕಟ್ಟಡವಿರಲಿಲ್ಲ. ಗುರುವು ಶಿಷ್ಯರನ್ನು ಕರಕೊಂಡು ಊರಿಂದೂರಿಗೆ ಹೋಗುವನು. ಬಿಡಾರ ಬಿಟ್ಟಲ್ಲಿಯೇ ಪಾಠ. ಊರವರು ಕೊಟ್ಟ ಧಾನ್ಯದಿಂದ ಊಟ. ಕೊಡುವವರಿದ್ದ ಊರಲ್ಲಿ ಹೊಟ್ಟೆ ತುಂಬುವದು. ಮಳೆ ತಪ್ಪಿದ ವರುಷದಲ್ಲಿ ಕೊಡುವವರ ಮನೆಯಲ್ಲಿಯೇ ಕಾಳಿರಲಿಲ್ಲ. ಮಕ್ಕಳನ್ನು ಹಿಂದಕ್ಕೆ ಕಳುಹಿಸೋಣವೆಂದರೆ ಹಲವರಿಗೆ ಮನೆಯೇ ಇರಲಿಲ್ಲ. ಆದಕಾರಣ ಗವಾಯಿಗಳು ಒಂದು ನಾಟಕ ಮಂಡಳಿಯನ್ನು ಕಟ್ಟಿ, ಶಿಷ್ಯರಿಂದ ಹಾಡಿಸಿ, ಆಡಿಸಿ, ಬಂದ ಹಣದಿಂದ ಮಕ್ಕಳನ್ನು ಸಾಕಿದರು. ಧರ್ಮಿಷ್ಠರಾದ ಗುರುಗಳಿಗೆ ನಾಟಕವೇತಕ್ಕೆಂದು ಕೇಳುವವರು ಯಾವ ಕಾಲದಲ್ಲಿಯೂ ಇರುವರು. ಹಸಿದ ಮಗುವಿನ ಮುಂದೆ ಆ ಪ್ರಶ್ನೆಗೆ ಬಲವಿಲ್ಲವೆಂದು ನಾವು ಎಣಿಸುತ್ತೇವೆ.

ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರೆಂಬ ವರ್ತಕರು ಸಹಾಯಮಾಡಿದ್ದರಿಂದ ಶಾಲೆಗೆ ಸ್ಥಿರವಾದ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಜಾತಿ ಕೇಳಿ ಮಕ್ಕಳನ್ನು ಸೇರಿಸುವ ಪದ್ಧತಿಯಿರಲಿಲ್ಲ. ಆಗ ಗದಗವು ಮುಂಬಯಿ ಆಧಿಪತ್ಯದಲ್ಲಿಯೂ ನಮ್ಮ ಕಲಬುರಗಿ, ರಾಯಚೂರು ಸೀಮೆಗಳು ನಿಜಾಮರ ರಾಜ್ಯದಲ್ಲಿಯೂ ಇದ್ದವು. ಒಂದೇ ಕನ್ನಡನಾಡಾದದ್ದು 1956ರಲ್ಲಿ. ಆದರೂ ಆ ಗಡಿಯು ವಿದ್ಯೆಗೆ ಅಡ್ಡವಾಗಲಿಲ್ಲ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಗವಾಯಿಗಳ ಹೆಸರಾದ ಶಿಷ್ಯರಲ್ಲೊಬ್ಬರು.

ಇನ್ನೊಬ್ಬ ಶಿಷ್ಯರು ಬಸವರಾಜ ರಾಜಗುರುಗಳು. ಇವರಿಗೆ ಕಣ್ಣುಗಳಿದ್ದವು, ಹುಡುಗನಾಗಿದ್ದಾಗ ಇವರ ಕಂಠವನ್ನು ಕೇಳಿ ಗವಾಯಿಗಳು ಶಿಷ್ಯನನ್ನಾಗಿ ಮಾಡಿಕೊಂಡರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರುಷದ ಉತ್ಸವವು ಹಂಪೆಯಲ್ಲಿ ನಡೆದಾಗ, ಈ ಎಳೆಯ ಶಿಷ್ಯನು ಹಾಡಿದನು. ಗುರುವೇ ತಬಲಾದ ಮುಂದೆ ಕುಳಿತು ಸಾಥಿ ಕೊಟ್ಟರು. ಸಭೆಯಲ್ಲಿ ಹಾಡುವವನಿಗೆ ಮುಂದಿನ ಸ್ಥಾನ, ಬಾರಿಸುವವನಿಗೆ ಪಕ್ಕದ ಸ್ಥಾನ. ನಾಡೇ ನೆರೆದ ಉತ್ಸವದಲ್ಲಿ ಗುರುವು ಪಕ್ಕದ ಸ್ಥಾನವನ್ನು ತೆಗೆದುಕೊಂಡನೆಂಬದನ್ನು ಉಪಾಧ್ಯಾಯರಾಗಿರುವ ನಮ್ಮ ವಾಚಕರು ಮನಸ್ಸಿನಲ್ಲಿಡಲಿ.

ಇವರ ಶಿಷ್ಯರಲ್ಲಿ ಮುಖ್ಯರಾದವರು ಪುಟ್ಟರಾಜ ಗವಾಯಿಗಳು. ಅವರು 1914ರಲ್ಲಿ ಹಾನಗಲ್ಲು ತಾಲೂಕಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳಕೊಂಡರು. ಪಂಚಾಕ್ಷರಿ ಗವಾಯಿಗಳು ಈ ಬಾಲಕನನ್ನು ಮಗನಂತೆ ಸಾಕಿ ಎರಡು ಪದ್ಧತಿಗಳನ್ನೂ ಕಲಿಸಿದರು. ಕುರುಡರು ಬೆರಳಿನಿಂದ ಓದುವ ಚುಕ್ಕೆಗಳ ಬರಹವನ್ನು ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಕುರುಡನು 1829ರಲ್ಲಿಯೇ ಪ್ರಕಟಿಸಿದ್ದನು. ಅವನೂ ಸಂಗೀತಗಾರನೇ, ಸ್ವರಗಳನ್ನೂ ಅದರಲ್ಲಿ ಬರೆಯುವ ಕ್ರಮವನ್ನು ಅವನು ತೋರಿಸಿದನು. ಆದರೆ ಭಾರತದ ಭಾಷೆಗಳಿಗೆಲ್ಲಾ ಒಂದೇ ಕ್ರಮದ ಬ್ರೈಲ್ ಲಿಪಿ ಗೊತ್ತಾದದ್ದು 1951ರಲ್ಲಿ. ಅದಕ್ಕೆ ಬಹಳ ಮುಂಚೆಯೇ ಪಂಚಾಕ್ಷರಿ ಗವಾಯಿಗಳು ಲಿಪಿಯ ಸಹಾಯವಿಲ್ಲದೆ, ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಕಲಿಸಿದರು.

1944ನೆಯ ಇಸವಿ ಜೂನ್ ತಿಂಗಳಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. ಆಗ ಅವರಿಗೆ ಐವತ್ತೆರಡು ವರುಷ. ಇಂಥ ಶಾಲೆಗಳು ಬಹುಮಟ್ಟಿಗೆ ಸ್ಥಾಪಿಸಿದವನೊಡನೆಯೇ ಮುಗಿದುಹೋಗುವವು. ಹಣವಿಲ್ಲ, ಮಕ್ಕಳು ಬಹಳ, ಮುಂದೆ ನಡಿಸಬೇಕಾದವನೂ ಕಣ್ಣಿಲ್ಲದ ಮೂವತ್ತು ವರುಷದ ಯೌವನಸ್ಥ. ಆದರೂ ಪುಟ್ಟರಾಜರು ಆ ಭಾರವನ್ನು ಹೊತ್ತು, 2010ರಲ್ಲಿ ತಾವು ತೀರಿಕೊಳ್ಳುವ ವರೆಗೆ, ಅರುವತ್ತಾರು ವರುಷ ಅದನ್ನು ನಡಿಸಿದರು. ಆ ವರುಷವೇ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಬಿರುದನ್ನು ಕೊಟ್ಟಿತ್ತು. ಆಶ್ರಮದಲ್ಲಿ ಇಂದಿಗೂ ಕುರುಡ ಮಕ್ಕಳು ಸಂಗೀತ ಕಲಿಯುತ್ತಿದ್ದಾರೆ.

ಪಂಚಾಕ್ಷರಿ ಗವಾಯಿಗಳ ಮತವೂ ನಮ್ಮ ಮತವೂ ಬೇರೆ. ಆದರೆ ಒಳ್ಳೇ ಕಾರ್ಯವನ್ನು ಕಂಡಲ್ಲಿ ಗೌರವಿಸುವದು ನಮ್ಮ ಕರ್ತವ್ಯ, ಅದರಿಂದ ಕಲಿಯುವದು ನಮಗೆ ಲಾಭ. ಇಂಗ್ಲೆಂಡಿನಲ್ಲಿಯೂ ಜಾನ್ ಕರ್ವೆನ್ ಎಂಬ ಸಭಾಪಾಲಕರು ಹತ್ತೊಂಬತ್ತನೆಯ ಶತಮಾನದಲ್ಲಿ ಬಡವರ ಮಕ್ಕಳಿಗೂ ಸ್ವರಜ್ಞಾನ ಬರಬೇಕೆಂದು, ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯ ಸುಲಭಕ್ರಮವನ್ನು ತೆಗೆದುಕೊಂಡು, ತಿದ್ದಿ, ಶಾಲೆಗಳಲ್ಲಿ ಹಬ್ಬಿಸಿದರು. ದೇಶ ಬೇರೆಯಾದರೂ ಸ್ವರದ ಲೆಕ್ಕವು ವಿದ್ವಾಂಸರ ಸ್ವತ್ತಲ್ಲ, ಮಕ್ಕಳದು ಎಂಬ ನಂಬಿಕೆ ಇಬ್ಬರಲ್ಲಿಯೂ ಒಂದೇ ಆಗಿತ್ತು.

ನಮ್ಮ ಊರುಗಳಲ್ಲಿ ಹಾರ್ಮೋನಿಯಮ್ ಬಲ್ಲವರು ಒಬ್ಬಿಬ್ಬರಾದರೂ ಇರುವರು. ಅವರು ಶಾಲೆಯ ಮಕ್ಕಳನ್ನು ಸಂಜೆ ಕೂಡಿಸಿ, ಹಾಡಿಗಿಂತ ಮೊದಲು ಏಳು ಸ್ವರಗಳನ್ನು ಏರಿಸಿ ಇಳಿಸುವದನ್ನೂ ಕೈಯಲ್ಲಿ ತಾಳ ಎಣಿಸುವದನ್ನೂ ಕಲಿಸಲಿ. ಯಾರ ಮನೆಯಲ್ಲಿಯಾದರೂ ಕಣ್ಣಿಲ್ಲದ ಮಗುವಿದ್ದರೆ, ತಂದೆತಾಯಿಗಳೇ, ಅದನ್ನು ಮೂಲೆಯಲ್ಲಿ ಕೂಡಿಸಬೇಡಿರಿ. ಪಾಠಕ್ಕೆ ಎಲ್ಲರಿಗಿಂತ ಮುಂದೆ ಕೂಡಿಸಿರಿ. ಕಾಡಶೆಟ್ಟಿಹಳ್ಳಿಯ ಕುರುಡ ಹುಡುಗನಿಗೆ ಒಬ್ಬನು ವಿದ್ಯೆಯ ದಾರಿ ತೋರಿಸಿದ್ದರಿಂದ ನೂರಾರು ಕುರುಡರು ಭಿಕ್ಷಾಪಾತ್ರೆಯನ್ನು ಹಿಡಿಯದೆ ತಂಬೂರಿಯನ್ನು ಹಿಡಿದರು.