ಸಂಸದೀಯ ಪಟು ಎಚ್. ವಿ. ಕಾಮತ್

ಭಾರತದ ಸಂವಿಧಾನ ಸಭೆಯ ನಡಾವಳಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿವೆ. ಅವುಗಳ ಪುಟಗಳನ್ನು ತಿರುವಿಹಾಕುವವರಿಗೆ ಮತ್ತೆ ಮತ್ತೆ ಎದುರಾಗುವ ಹೆಸರುಗಳಲ್ಲಿ ಹರಿ ವಿಷ್ಣು ಕಾಮತರದು ಒಂದು. ಅವರು ತಿದ್ದುಪಡಿಯನ್ನು ಸೂಚಿಸುತ್ತಾರೆ. ಸಭೆ ಅದನ್ನು ತಳ್ಳಿಹಾಕುತ್ತದೆ. ಮರುದಿನ ಅವರು ಇನ್ನೊಂದು ತಿದ್ದುಪಡಿಯೊಡನೆ ಎದ್ದು ನಿಲ್ಲುತ್ತಾರೆ. ಇಷ್ಟು ಬಾರಿ ಸೋತರೂ ಸಭಾಗೌರವವನ್ನು ಮೀರದೆ, ನಗುಮುಖವನ್ನು ಕಳೆದುಕೊಳ್ಳದೆ ವಾದಿಸಿದ ಸದಸ್ಯರು ವಿರಳ.

ಕಾಮತರು 1907ರ ಜುಲೈ 13ರಂದು ಮಂಗಳೂರಿನಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಕುಶಾಗ್ರಮತಿಯಾದ ಈ ತರುಣ 1930ರಲ್ಲಿ ಐ.ಸಿ.ಎಸ್. ಸೇವೆಯನ್ನು ಪ್ರವೇಶಿಸಿದರು. ಅಂದಿನ ದಿನಗಳಲ್ಲಿ ಆ ಮೂರು ಅಕ್ಷರಗಳಿಗೆ ಇದ್ದ ಬೆಲೆಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಅಧಿಕಾರ, ಸಂಬಳ, ಸಮಾಜದ ಗೌರವ ಎಲ್ಲವೂ ಅದರೊಡನೆ ಬರುತ್ತಿದ್ದವು. ಮಧ್ಯಪ್ರಾಂತದಲ್ಲಿ ಎಂಟು ವರ್ಷ ಕೆಲಸಮಾಡಿದ ಮೇಲೆ, 1938ರಲ್ಲಿ ಕಾಮತರು ಅದನ್ನು ತೊರೆದರು. ಅವರನ್ನು ಸೆಳೆದವರು ಸುಭಾಷಚಂದ್ರ ಬೋಸರು. ಬೋಸರೂ 1921ರಲ್ಲಿ ಅದೇ ಸೇವೆಯನ್ನು ತ್ಯಜಿಸಿ ಬಂದವರೇ. 1939ರಲ್ಲಿ ಬೋಸರು ಫಾರ್ವರ್ಡ್ ಬ್ಲಾಕ್ ಪಕ್ಷವನ್ನು ಕಟ್ಟಿದಾಗ ಕಾಮತರು ಅದರ ಸಂಘಟನೆಯ ಹೊಣೆ ಹೊತ್ತರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸೆರೆಮನೆವಾಸವನ್ನೂ ಅನುಭವಿಸಿದರು. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡುವ ಸರ್ಕಾರದ ಶಕ್ತಿ ಎಂಥದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮಧ್ಯಪ್ರಾಂತ ಮತ್ತು ಬೇರಾರಿನ ಪ್ರತಿನಿಧಿಯಾಗಿ ಕಾಮತರು ಸಂವಿಧಾನ ಸಭೆಗೆ ಬಂದರು. ಸಭೆಯಲ್ಲಿ ಕಾಂಗ್ರೆಸ್ಸಿಗೆ ಭಾರೀ ಬಹುಮತವಿದ್ದಿತು. ಇಂದು ನಾವು ವಿರೋಧ ಪಕ್ಷವೆಂದು ಕರೆಯುವಂಥ ವ್ಯವಸ್ಥಿತ ಗುಂಪು ಅಲ್ಲಿರಲಿಲ್ಲ. ಆ ಕೆಲಸವನ್ನು ಕೈಗೆತ್ತಿಕೊಂಡವರು ಕಾಮತರಂಥ ಕೆಲವೇ ಸ್ವತಂತ್ರ ಮನೋಭಾವದ ಸದಸ್ಯರು.

1948ರ ನವೆಂಬರಿನಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟರು. ಭಾರತದ ಹಳ್ಳಿಗಳು ಸಂಕುಚಿತತೆಯ ಮತ್ತು ಅಜ್ಞಾನದ ನೆಲೆಗಳೆಂದು ಅವರು ಅಂದು ಕಟುವಾಗಿ ವಿಮರ್ಶಿಸಿದರು. ಜಾತಿಯ ಕ್ರೌರ್ಯವನ್ನು ಸ್ವತಃ ಉಂಡಿದ್ದ ಅಂಬೇಡ್ಕರರ ಮಾತಿಗೆ ಆಧಾರವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಮರುದಿನವೇ ಕಾಮತರು ಎದ್ದು, ಇದು ನಗರವಾಸಿ ವಿದ್ವಾಂಸನ ದೃಷ್ಟಿಯೆಂದೂ, ಹಳ್ಳಿಗರ ಬಗ್ಗೆ ಪ್ರೀತಿಯಿಲ್ಲದೆ ದೇಶವನ್ನು ಮೇಲೆತ್ತುವುದು ಸಾಧ್ಯವಿಲ್ಲವೆಂದೂ ಆಕ್ಷೇಪಿಸಿದರು. ಬೇರೆ ಸದಸ್ಯರೂ ಇದೇ ಭಾವನೆಯನ್ನು ವ್ಯಕ್ತಪಡಿಸಿದರು. ಅದೇ ತಿಂಗಳಿನಲ್ಲಿ, ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ ನಿರ್ದೇಶಕ ತತ್ತ್ವವು ಕೆ. ಸಂತಾನಂ ಅವರ ಸೂಚನೆಯ ಮೇರೆಗೆ ಸಂವಿಧಾನದಲ್ಲಿ ಸೇರಿತು. ಅದಕ್ಕೆ ಬಲ ಬರಲು 1992ರ ಎಪ್ಪತ್ತಮೂರನೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇಂದು ಗುಂಡ್ಲುಪೇಟೆಯ ಅಥವಾ ಚಾಮರಾಜನಗರದ ಕಾಡಂಚಿನ ಹಳ್ಳಿಯೊಂದರಲ್ಲಿ ಕೃಷಿಕಾರ್ಮಿಕ ಹೆಣ್ಣುಮಗಳೊಬ್ಬಳು ಪಂಚಾಯಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತುಕೊಳ್ಳಬಹುದಾಗಿದೆ. ಅಲ್ಲಿ ಅಂಬೇಡ್ಕರರು ಕೇಳಿದ ನ್ಯಾಯಕ್ಕೂ ಕಾಮತರು ಹಳ್ಳಿಯ ಮೇಲೆ ಇಟ್ಟ ನಂಬಿಕೆಗೂ ಏಕಕಾಲದಲ್ಲಿ ಸ್ಥಳ ದೊರೆತಿದೆ.

ದೇಶದ ಹೆಸರಿನ ಬಗೆಗೂ ಕಾಮತರಿಗೆ ಖಚಿತವಾದ ಅಭಿಪ್ರಾಯವಿತ್ತು. ಐರ್ಲೆಂಡಿನ ಸಂವಿಧಾನವನ್ನು ಉದಾಹರಿಸಿ, ಭಾರತ ಎಂಬ ಹೆಸರು ಮೊದಲು ಬರಬೇಕು, ಇಂಡಿಯಾ ಎಂಬುದು ಇಂಗ್ಲಿಷಿನ ಹೆಸರಾಗಿ ಅದನ್ನು ಅನುಸರಿಸಬೇಕು ಎಂದು 1949ರ ಸೆಪ್ಟೆಂಬರ್ 18ರಂದು ಅವರು ವಾದಿಸಿದರು. ಪರವಾಗಿ 38, ವಿರುದ್ಧವಾಗಿ 51 ಮತಗಳು ಬಂದವು. ಮುಂದಿನ ತಿಂಗಳು ಪ್ರಸ್ತಾವನೆಯ ಚರ್ಚೆ ನಡೆದಾಗ, ಅದು ದೇವರ ಹೆಸರಿನೊಡನೆ ಆರಂಭವಾಗಬೇಕೆಂದು ಸೂಚಿಸಿದರು. ದೈವಶ್ರದ್ಧೆಯು ವ್ಯಕ್ತಿಯ ಅಂತರಂಗಕ್ಕೆ ಸೇರಿದ್ದು, ಅದನ್ನು ಎಲ್ಲರ ಮೇಲೂ ಹೇರಬಾರದು ಎಂದು ಪಟ್ಟಂ ತಾಣು ಪಿಳ್ಳೆಯವರು ಉತ್ತರಿಸಿದರು. ಹೃದಯನಾಥ ಕುಂಜ್ರೂ ಅವರೂ ವಿರೋಧಿಸಿದರು. ಕೈಯೆತ್ತಿಸಿ ಎಣಿಸಿದಾಗ 41 ಮಂದಿ ಕಾಮತರ ಕಡೆಗೂ 68 ಮಂದಿ ಎದುರಿಗೂ ಇದ್ದರು. ಹಲವು ಮತಗಳ ನಾಡಿನಲ್ಲಿ ಸಭೆಯ ತೀರ್ಮಾನವೇ ಸರಿಯೆನ್ನಬೇಕು. ವಿರೋಧಿಸುವವನ ಮಾತೆಲ್ಲವೂ ಸತ್ಯವೆಂದೇನೂ ಇಲ್ಲ.

ಆದರೆ ತುರ್ತುಪರಿಸ್ಥಿತಿಯ ಪ್ರಶ್ನೆ ಹಾಗಿರಲಿಲ್ಲ. ಯುದ್ಧ ಅಥವಾ ಆಂತರಿಕ ಗಲಭೆಯ ಸಂದರ್ಭದಲ್ಲಿ ರಾಷ್ಟ್ರಪತಿಗಳು ತುರ್ತುಪರಿಸ್ಥಿತಿಯನ್ನು ಘೋಷಿಸಬಹುದು. ಆಗ ಮೂಲಭೂತ ಹಕ್ಕುಗಳಿಗಾಗಿ ಪ್ರಜೆಯು ನ್ಯಾಯಾಲಯದ ಬಾಗಿಲು ತಟ್ಟದಂತೆ ತಡೆಯಬಹುದು. ಇದು ಕರಡಿನಲ್ಲಿದ್ದ ವಿಧಿಗಳ ಸಾರ. ಇವುಗಳನ್ನು ಬರೆದವರು ಸರ್ವಾಧಿಕಾರದ ಆಸೆಯುಳ್ಳವರಾಗಿರಲಿಲ್ಲ. ದೇಶವಿಭಜನೆಯ ರಕ್ತಪಾತವನ್ನೂ ಕಾಶ್ಮೀರದ ಯುದ್ಧವನ್ನೂ ಕಣ್ಣಾರೆ ಕಂಡು, ಹೊಸ ರಾಷ್ಟ್ರವು ಒಡೆದುಹೋದೀತೆಂದು ಅಂಜಿದವರು ಅವರು. 1949ರ ಆಗಸ್ಟಿನಲ್ಲಿ ಈ ವಿಧಿಗಳು ಚರ್ಚೆಗೆ ಬಂದಾಗ ಕಾಮತರು ಜರ್ಮನಿಯನ್ನು ನೆನಪಿಸಿದರು. ಅಲ್ಲಿನ ವೈಮಾರ್ ಸಂವಿಧಾನದಲ್ಲಿಯೂ ಇಂಥದೇ ವಿಧಿಯಿತ್ತು. ಹಿಟ್ಲರನು ಅದನ್ನೇ ಬಳಸಿಕೊಂಡು ಪ್ರಜಾಪ್ರಭುತ್ವವನ್ನು ನಾಶಮಾಡಿದನು. ಪ್ರಪಂಚದ ಪ್ರಜಾಪ್ರಭುತ್ವ ರಾಷ್ಟ್ರಗಳ ಸಂವಿಧಾನಗಳನ್ನೆಲ್ಲ ಹುಡುಕಿದರೂ ಇದಕ್ಕೆ ಸಮೀಪದ ಹೋಲಿಕೆ ಅದೊಂದೇ ಎಂಬುದು ಅವರ ವಾದದ ತಿರುಳು. ಈಗ ಅಧಿಕಾರದಲ್ಲಿರುವವರು ಸಜ್ಜನರೆಂಬ ಕಾರಣಕ್ಕೆ ಅಂಥ ಅಸ್ತ್ರವನ್ನು ಸಂವಿಧಾನದಲ್ಲಿ ಇಡಬಹುದೇ ಎಂಬ ಪ್ರಶ್ನೆ ಅದರೊಳಗೆ ಅಡಗಿತ್ತು. ಸಭೆ ಒಪ್ಪಲಿಲ್ಲ. ವಿಧಿ ಅಂಗೀಕಾರವಾದ ದಿನವು ತಮಗೆ ನಾಚಿಕೆಯ ಮತ್ತು ದುಃಖದ ದಿನವೆಂದು ಕಾಮತರು ಸಭೆಯಲ್ಲಿಯೇ ತಿಳಿಸಿ ಕುಳಿತರು.

ಅದೇ ವರ್ಷದ ನವೆಂಬರ್ 25ರಂದು ಅಂಬೇಡ್ಕರರು ತಮ್ಮ ಕೊನೆಯ ಭಾಷಣವನ್ನು ಮಾಡಿದರು. ಪಕ್ಷದ ಶಿಸ್ತಿಗೆ ಎಲ್ಲರೂ ತಲೆಬಾಗಿದ್ದರೆ ಸಭೆಯು ನೀರಸವಾಗುತ್ತಿತ್ತೆಂದು ಹೇಳಿ, ಅದಕ್ಕೆ ಕಳೆ ತಂದ ಬಂಡಾಯಗಾರರನ್ನು ಹೆಸರಿಸಿ ವಂದಿಸಿದರು. ಆ ಪಟ್ಟಿಯ ಮೊದಲ ಹೆಸರು ಕಾಮತರದು. ವಾದದಲ್ಲಿ ಎದುರಾಳಿಯಾಗಿದ್ದವನನ್ನು ಹೀಗೆ ಗೌರವಿಸಿದ್ದು ಅಂಬೇಡ್ಕರರ ದೊಡ್ಡತನ.

ಗಣರಾಜ್ಯವಾದ ಮೇಲೆಯೂ ಕಾಮತರ ರೀತಿ ಬದಲಾಗಲಿಲ್ಲ. 1951ರಲ್ಲಿ ವಾಕ್‌ಸ್ವಾತಂತ್ರ್ಯಕ್ಕೆ ಹೊಸ ಮಿತಿಗಳನ್ನು ತಂದ ಮೊದಲನೆಯ ತಿದ್ದುಪಡಿಯನ್ನು ತಾತ್ಕಾಲಿಕ ಸಂಸತ್ತಿನಲ್ಲಿ ವಿರೋಧಿಸಿದರು. ಅದು 228 ಮತಗಳಿಂದ ಅಂಗೀಕಾರವಾಯಿತು. ಎದುರಿಗೆ ಬಿದ್ದದ್ದು 20 ಮತಗಳು ಮಾತ್ರ.

1952ರ ಮೊದಲನೆಯ ಮಹಾಚುನಾವಣೆಯಲ್ಲಿ ಅವರು ನರ್ಮದಾ ತೀರದ ಹೋಷಂಗಾಬಾದ್ ಕ್ಷೇತ್ರದಿಂದ ಸ್ಪರ್ಧಿಸಿದರು. ಆ ಊರಿಗೆ ಈಗ ನರ್ಮದಾಪುರಂ ಎಂದು ಹೆಸರು. ಎದುರಾಳಿಗೆ 65,375 ಮತಗಳು, ಕಾಮತರಿಗೆ 65,201. ಸೋಲಿನ ಅಂತರ 174 ಮತಗಳು. ಆದರೆ ಎರಡು ಮತಗಟ್ಟೆಗಳಲ್ಲಿ ಲೋಕಸಭೆಗೆ ಕೊಡಬೇಕಾದ ಚೀಟಿಗಳ ಬದಲು ವಿಧಾನಸಭೆಯ ಗುರುತಿದ್ದ ಚೀಟಿಗಳನ್ನು ಕೊಟ್ಟಿದ್ದರು. ಎದುರಾಳಿಗೆ ಬಿದ್ದ ಅಂಥ 301 ಚೀಟಿಗಳನ್ನು ಎಣಿಕೆಗೆ ಸೇರಿಸಲಾಗಿತ್ತು. ಕಾಮತರು ಚುನಾವಣಾ ನ್ಯಾಯಮಂಡಲಿಯಲ್ಲಿ ಸೋತರು, ಹೈಕೋರ್ಟಿನಲ್ಲಿಯೂ ಸೋತರು. ಆದರೂ ಸುಪ್ರೀಂ ಕೋರ್ಟಿನವರೆಗೆ ಹೋದರು. 1954ರ ಡಿಸೆಂಬರಿನಲ್ಲಿ ಆ ನ್ಯಾಯಾಲಯವು ಚುನಾವಣೆಯನ್ನೇ ರದ್ದುಗೊಳಿಸಿತು. ಮರುವರ್ಷದ ಉಪಚುನಾವಣೆಯಲ್ಲಿ ಅವರು ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದು ಲೋಕಸಭೆಯನ್ನು ಪ್ರವೇಶಿಸಿದರು. ಚುನಾವಣಾ ಮಂಡಲಿಗಳ ತಪ್ಪನ್ನು ಉಚ್ಚ ನ್ಯಾಯಾಲಯಗಳು ತಿದ್ದಬಹುದೆಂಬುದಕ್ಕೆ ವಕೀಲರು ಇಂದಿಗೂ ಉಲ್ಲೇಖಿಸುವ ತೀರ್ಪು ಇದು. ನ್ಯಾಯಾಲಯದ ಬಾಗಿಲು ಪ್ರಜೆಗೆ ಸದಾ ತೆರೆದಿರಬೇಕೆಂದು ವಾದಿಸಿದ್ದ ವ್ಯಕ್ತಿಗೆ ಆ ಬಾಗಿಲೇ ದಾರಿಯಾಯಿತು.

ಅವರು 1957ರಲ್ಲಿ ಸೋತು 1962ರಲ್ಲಿ ಮತ್ತೆ ಗೆದ್ದರು. ತಮ್ಮ ನಾಯಕ ನೇತಾಜಿಯವರ ಕಣ್ಮರೆಯ ವಿಚಾರವನ್ನು ಸಂಸತ್ತಿನಲ್ಲಿ ಎತ್ತಿದ್ದುಂಟು. 1966ರಲ್ಲಿ ರಚನೆಯಾದ ಆಡಳಿತ ಸುಧಾರಣಾ ಆಯೋಗದ ಸದಸ್ಯರಾದರು. ಹೀಗೆ ಹಳೆಯ ಐ.ಸಿ.ಎಸ್. ಅನುಭವವೂ ದೇಶದ ಕೆಲಸಕ್ಕೆ ಒದಗಿತು.

1975ರ ಜೂನ್ 25ರ ರಾತ್ರಿ ಆಂತರಿಕ ಗಲಭೆಯ ಕಾರಣವನ್ನು ಕೊಟ್ಟು ತುರ್ತುಪರಿಸ್ಥಿತಿಯನ್ನು ಘೋಷಿಸಲಾಯಿತು. ಸಂಸದೀಯ ಸಮಿತಿಯ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿಯೇ ಬಂಧಿತರಾದರು. ಎರಡು ದಿನಗಳಲ್ಲಿ, ಕೆಲವು ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುವ ಆಜ್ಞೆ ಹೊರಟಿತು. ದೆಹಲಿಯ ನ್ಯಾಯವಾದಿಗೂ ಗುಂಡ್ಲುಪೇಟೆಯ ರೈತನಿಗೂ ಅದು ಸಮಾನವಾಗಿ ಅನ್ವಯಿಸಿತು. ಜಬಲ್‌ಪುರದ ಮೊಕದ್ದಮೆಯಲ್ಲಿ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಆಜ್ಞೆಯನ್ನೇ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ. ಇಪ್ಪತ್ತಾರು ವರ್ಷಗಳ ಹಿಂದೆ ಕಾಮತರು ತೋರಿಸಿದ್ದ ಅಪಾಯ ಹೀಗೆ ನಿಜವಾಯಿತು.

1977ರ ಚುನಾವಣೆಯಲ್ಲಿ ಎಪ್ಪತ್ತರ ಹೊಸ್ತಿಲಲ್ಲಿದ್ದ ಕಾಮತರು ಜನತಾ ಪಕ್ಷದ ಅಭ್ಯರ್ಥಿಯಾಗಿ ಹೋಷಂಗಾಬಾದಿನಿಂದಲೇ ಗೆದ್ದುಬಂದರು. ಆ ಲೋಕಸಭೆಯು 1978ರಲ್ಲಿ ನಲವತ್ತನಾಲ್ಕನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಆಂತರಿಕ ಗಲಭೆ ಎಂಬ ಮಾತಿನ ಸ್ಥಳದಲ್ಲಿ ಸಶಸ್ತ್ರ ಬಂಡಾಯ ಎಂಬುದು ಬಂದಿತು. ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ಯಾವ ತುರ್ತುಪರಿಸ್ಥಿತಿಯಲ್ಲಿಯೂ ತಡೆಯಬಾರದೆಂದು ವಿಧಿಸಲಾಯಿತು. ಆ ವಿಧಿಯನ್ನು ತಿದ್ದಿದ ಸದನದಲ್ಲಿ, 1949ರಲ್ಲಿ ಅದನ್ನು ವಿರೋಧಿಸಿ ಸೋತಿದ್ದ ಕಾಮತರೂ ಸದಸ್ಯರಾಗಿದ್ದರು. ಅವರು 1982ರಲ್ಲಿ ನಿಧನರಾದರು.