ವಾದ್ಯಶಿಲ್ಪಿ ಲಿಯೋ ಫೆಂಡರ್

ಜಾತ್ರೆಯ ವಾದ್ಯಮೇಳದಲ್ಲಾಗಲಿ, ಚಲನಚಿತ್ರದ ಹಾಡಿನಲ್ಲಾಗಲಿ, ಗಾಯಕನ ದನಿಯ ಅಡಿಯಲ್ಲಿ ಎದೆಗೆ ತಾಗುವಂತೆ ಹೊರಡುವ ಒಂದು ಮಂದ್ರನಾದವನ್ನು ನಮ್ಮ ರಂಗಂಪೇಟೆಯವರೂ ಕೇಳಿಯೇ ಇದ್ದಾರೆ. ಅದು ಬೇಸ್ ಗಿಟಾರಿನ ನಾದ. ಆ ವಾದ್ಯವನ್ನು ಲೋಕದಲ್ಲೆಲ್ಲ ಬಳಕೆಗೆ ತಂದ ಲಿಯೋ ಫೆಂಡರರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದರ ಶ್ರುತಿ ಕೂಡಿಸಲೂ ಬರುತ್ತಿರಲಿಲ್ಲವೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಆದರೂ ಇದು ನಿಜ.

ಇವರು 1909ನೆಯ ಇಸವಿ ಆಗಸ್ಟ್ 10ರಂದು ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವಿನ ಕಿತ್ತಳೆಯ ತೋಟವೊಂದರಲ್ಲಿ ಜನಿಸಿದರು. ತಂದೆತಾಯಿಗಳು ತೋಟಗಾರರು. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯಾಗಿ ಎಡಗಣ್ಣನ್ನೇ ತೆಗೆಯಬೇಕಾಯಿತು. ಅಂದಿನಿಂದ ಕೊನೆಯವರೆಗೂ ಗಾಜಿನ ಕಣ್ಣು. ಹದಿಮೂರರ ಸುಮಾರಿಗೆ ಮೋಟಾರು ವಿದ್ಯುತ್ತಿನ ಕೆಲಸ ಮಾಡುತ್ತಿದ್ದ ಬಂಧುವೊಬ್ಬನಿಂದ ಹಳೆಯ ರೇಡಿಯೋ ಸಾಮಾನುಗಳ ಪೆಟ್ಟಿಗೆಯೊಂದು ಬಂತು. ಹುಡುಗನ ಮನಸ್ಸು ಅಲ್ಲಿಯೇ ನೆಟ್ಟಿತು.

ಆದರೆ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರದ ವಿದ್ಯೆ! ವಿದ್ಯುತ್ ಶಾಸ್ತ್ರವನ್ನು ಯಾವ ಗುರುವಿನ ಮುಂದೆಯೂ ಕುಳಿತು ಕಲಿಯಲಿಲ್ಲ. ಗುಮಾಸ್ತಿಕೆ ಮಾಡಿದರು, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಆ ನೌಕರಿಯೂ ಹೋಯಿತು. ಪದವಿ ಮುಗಿಸಿ ನೌಕರಿಯ ದಾರಿ ನೋಡುವ ನಮ್ಮಂಥವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. 1938ರಲ್ಲಿ ಆರುನೂರು ಡಾಲರು ಸಾಲ ಮಾಡಿ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದರು. ಕೆಟ್ಟ ಧ್ವನಿವರ್ಧಕಗಳನ್ನು ಹೊತ್ತುಕೊಂಡು ಸಂಗೀತಗಾರರು ಆ ಅಂಗಡಿಗೆ ಬರತೊಡಗಿದರು. ಫೆಂಡರರ ನಿಜವಾದ ವಿದ್ಯಾಭ್ಯಾಸ ನಡೆದದ್ದು ಇಲ್ಲಿಯೇ ಎನ್ನಬೇಕು. ನುಡಿಸುವವರ ದೂರುಗಳನ್ನು ಅವರು ತಾಳ್ಮೆಯಿಂದ ಕೇಳುತ್ತಿದ್ದರು; ಕೇಳಿದ ಮೇಲೆ ಸರಿಪಡಿಸದೆ ಬಿಡುತ್ತಿರಲಿಲ್ಲ.

ಆ ದೂರು ಏನಿತ್ತೆಂಬುದನ್ನು ಸ್ವಲ್ಪ ನೋಡೋಣ. ನಮ್ಮ ವೀಣೆಗೆ ಹಲಸಿನ ಮರವನ್ನು ಕೊರೆದು ಕೊಡ ಮಾಡುತ್ತಾರೆ; ತಂತಿಯ ಸಣ್ಣ ದನಿ ಆ ಟೊಳ್ಳಿನಲ್ಲಿ ಬೆಳೆಯಬೇಕು. ಹಳೆಯ ಗಿಟಾರಿನದೂ ಇದೇ ಕ್ರಮ. ದೊಡ್ಡ ಸಭೆಗೆ ಆ ದನಿ ಸಾಲದು. ಧ್ವನಿವರ್ಧಕಕ್ಕೆ ಜೋಡಿಸಿದರೆ ಟೊಳ್ಳಾದ ಒಡಲು ತಾನೇ ನಡುಗಿ ಕಿರುಚುತ್ತದೆ. ಇದಕ್ಕೆ ಉಪಾಯವೆಂದರೆ ಒಡಲನ್ನು ಗಟ್ಟಿ ಹಲಗೆಯಿಂದಲೇ ಮಾಡುವುದು. ತಂತಿಗಳ ಕೆಳಗೆ ಅಯಸ್ಕಾಂತಗಳನ್ನಿಟ್ಟು, ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನೇ ನಾದವಾಗಿ ತಿರುಗಿಸುತ್ತದೆ.

ಗಟ್ಟಿ ಒಡಲಿನ ಗಿಟಾರನ್ನು ಯೋಚಿಸಿದವರಲ್ಲಿ ಫೆಂಡರರೇ ಮೊದಲಿಗರಲ್ಲ. ಅವರ ಹೆಚ್ಚುಗಾರಿಕೆ ಅದನ್ನು ಸರಳಗೊಳಿಸಿದ್ದರಲ್ಲಿದೆ. ಕುತ್ತಿಗೆಯನ್ನು ಅಂಟಿನಿಂದ ಕೂಡಿಸದೆ ನಾಲ್ಕು ತಿರುಪುಗಳಿಂದ ಬಿಗಿದರು. ಸವೆದರೆ ಬಿಚ್ಚಿ ಬೇರೊಂದನ್ನು ಹಾಕಬಹುದು. ನೇಗಿಲಿಗೆ ಹೊಸ ಕುಳ ಹಾಕಿದಂತೆ. 1950ರಲ್ಲಿ ಹೊರಬಂದ ಈ ಗಿಟಾರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಬೇರೊಂದು ಕಂಪನಿಯ ಡ್ರಮ್ಮುಗಳಿಗೆ ಅದೇ ಬಗೆಯ ಹೆಸರಿದ್ದುದರಿಂದ ತಕರಾರು ಬಂದು, 1951ರಲ್ಲಿ ಟೆಲಿಕಾಸ್ಟರ್ ಎಂದಾಯಿತು. ನಡುವಣ ಕೆಲವು ತಿಂಗಳು ಹೆಸರಿನ ಆ ಭಾಗವನ್ನು ಕತ್ತರಿಸಿಯೇ ವಾದ್ಯಗಳನ್ನು ಮಾರಿದರಂತೆ.

ಅದೇ 1951ರಲ್ಲಿ ಪ್ರಿಸಿಷನ್ ಬೇಸ್ ಬಂದಿತು. ಅದುವರೆಗೆ ಮಂದ್ರಸ್ವರಕ್ಕೆ ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಸಾಗಿಸಬೇಕಾಗಿತ್ತು. ಅದಕ್ಕೆ ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನ ಬೆರಳಿಗೆ ಸುಲಭವಾಗಿ ಒಲಿಯುತ್ತಿರಲಿಲ್ಲ. ಫೆಂಡರರು ವೀಣೆಯಲ್ಲಿರುವಂತೆ ಮೆಟ್ಟಿಲುಗಳನ್ನು ಕೂಡಿಸಿ, 34 ಅಂಗುಲದ ತಂತಿಯಳತೆಯಿಟ್ಟು, ಅದನ್ನು ಹೆಗಲಿಗೆ ತೂಗುಹಾಕುವ ವಾದ್ಯವನ್ನಾಗಿ ಮಾಡಿದರು. ಸ್ವರ ಕರಾರುವಾಕ್ಕಾಗಿ ಬೀಳುತ್ತಿದ್ದುದರಿಂದಲೇ ಆ ಹೆಸರು. ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕರು 1930ರ ದಶಕದಲ್ಲಿಯೇ ಇಂಥದೊಂದನ್ನು ಮಾಡಿದ್ದರು. ಅದು ಹರಡಲಿಲ್ಲ, ಇದು ಹರಡಿತು.

1954ರ ಸ್ಟ್ರಾಟೊಕಾಸ್ಟರ್ ಎಲ್ಲಕ್ಕೂ ಹೆಸರಾದುದು. ಅಂಚು ಪಕ್ಕೆಲುಬಿಗೆ ಒತ್ತುತ್ತದೆಂದು ವಾದಕರು ಹೇಳಿದ್ದಕ್ಕೆ ಒಡಲನ್ನು ಮೈಗೆ ಹೊಂದುವಂತೆ ಕೆತ್ತಿಸಿದರು. ಈ ಕೆಲಸದಲ್ಲಿ ಫ್ರೆಡ್ಡಿ ಟವಾರೆಸ್, ಜಾರ್ಜ್ ಫುಲ್ಲರ್ಟನ್ ಮೊದಲಾದವರ ಪಾಲು ದೊಡ್ಡದು. ಟಡೆಯೊ ಗೋಮೆಜ್ ಎಂಬ ಕುಶಲಕರ್ಮಿ ತಾನು ರೂಪಿಸಿದ ಕುತ್ತಿಗೆಗಳ ಬುಡದಲ್ಲಿ ತನ್ನ ಹೆಸರಿನ ಎರಡಕ್ಷರಗಳನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆಯುತ್ತಿದ್ದ. ತಿರುಪು ಬಿಚ್ಚಿದರೆ ಮಾತ್ರ ಅದು ಕಾಣುತ್ತದೆ. ಹೊರಗೆ ಕಾಣುವುದು ಫೆಂಡರರ ಹೆಸರೊಂದೇ. ಯಜಮಾನರ ಚರಿತ್ರೆ ಬರೆಯುವಾಗ ಈ ಪೆನ್ಸಿಲಿನ ಅಕ್ಷರಗಳನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಐವತ್ತರ ದಶಕದಲ್ಲಿ ಹಿಡಿದ ಒಂದು ಸೋಂಕು ವರ್ಷಗಟ್ಟಲೆ ಬಿಡಲಿಲ್ಲ. ಇನ್ನು ಬಹಳ ದಿನ ಬದುಕುವುದಿಲ್ಲವೆಂದು ಬಗೆದು, 1965ರ ಜನವರಿಯಲ್ಲಿ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿಬಿಟ್ಟರು. ವಿಧಿಯ ಆಟ ನೋಡಿರಿ: ಕೆಲವೇ ವರ್ಷಗಳಲ್ಲಿ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ರೋಗ ವಾಸಿಯಾಯಿತು! ಆಯುಸ್ಸು ಉಳಿಯಿತು, ಹೆಸರು ಉಳಿಯಲಿಲ್ಲ. ತಾವು ಮಾಡಿದ ಗಿಟಾರಿನ ಮೇಲೆ ಫೆಂಡರ್ ಎಂದು ಬರೆಯುವ ಹಕ್ಕು ಈಗ ಫೆಂಡರರಿಗೇ ಇರಲಿಲ್ಲ.

ಅಷ್ಟು ಹಣವಿದ್ದವರು ಸುಮ್ಮನೆ ಕುಳಿತುಕೊಳ್ಳಬಹುದಾಗಿತ್ತು. ಇವರು ಕುಳಿತದ್ದು ಮತ್ತೆ ಕೆಲಸದ ಮೇಜಿನ ಮುಂದೆ. ಮ್ಯೂಸಿಕ್ ಮ್ಯಾನ್ ಎಂಬ ಸಂಸ್ಥೆಗಾಗಿ 1976ರಲ್ಲಿ ಸ್ಟಿಂಗ್‌ರೇ ಎಂಬ ಬೇಸನ್ನು ರೂಪಿಸಿದರು. ಧ್ವನಿಯನ್ನು ತಿದ್ದುವ ಪುಟ್ಟ ಯಂತ್ರವನ್ನು ಬ್ಯಾಟರಿಯೊಡನೆ ವಾದ್ಯದ ಒಡಲಿನಲ್ಲಿಯೇ ಅಡಗಿಸಿದ್ದು ಅದರ ವಿಶೇಷ. ಎಪ್ಪತ್ತು ತುಂಬುವ ಹೊತ್ತಿಗೆ ಹಳೆಯ ಗೆಳೆಯ ಜಾರ್ಜ್ ಫುಲ್ಲರ್ಟನ್ನರೊಡನೆ, ಇಬ್ಬರ ಹೆಸರಿನ ಮೊದಲಕ್ಷರಗಳಿಂದ ಜಿ ಅಂಡ್ ಎಲ್ ಎಂಬ ಚಿಕ್ಕ ಸಂಸ್ಥೆ ಕಟ್ಟಿದರು. ದೊಡ್ಡ ಕಂಪನಿಯ ಗೊಡವೆಯಿಲ್ಲದೆ, ಅಯಸ್ಕಾಂತ, ಕುದುರೆ, ತಿರುಪುಗಳನ್ನು ದಿನದಿನವೂ ತಿದ್ದುತ್ತಿದ್ದ ಈ ಮುಪ್ಪಿನ ವರ್ಷಗಳೇ ಅವರ ಬಾಳಿನ ಸೊಗಸಾದ ಭಾಗವೆಂದು ನನಗನಿಸುತ್ತದೆ.

ಕೊನೆಗೆ ಪಾರ್ಕಿನ್‌ಸನ್ ರೋಗದಿಂದ ಕೈಗಳು ನಡುಗತೊಡಗಿದವು. ಆಗಲೂ ಕಾರ್ಖಾನೆಗೆ ಹೋಗುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ಕಾಲವಾದರು. ಅವರ ಕೆಲಸದ ಕೊಠಡಿಯನ್ನು ಸಂಸ್ಥೆಯವರು ಬಹುಕಾಲ ಹಾಗೆಯೇ ಇರಿಸಿದ್ದರು. ಮೇಜಿನ ಮೇಲಿನ ಉಪಕರಣಗಳು ಇಟ್ಟಲ್ಲಿಯೇ ಇದ್ದವು.