ವಾಚನ ಕೇಳಿ ಹಾಗೇ ಬಾಳಿದ ಸಂತ ಜೋಸೆಫ್ ವಾಜ್

ಮುಡಿಪು ಬೆಟ್ಟಕ್ಕೆ ಹರಕೆ ಹೊತ್ತು ಬರುವ ಭಕ್ತಾದಿಗಳಿಗೆ ಸಂತ ಜೋಸೆಫ್ ವಾಜ್ ಅಂದ್ರೆ ಮನೆಯ ಹಿರಿಯರಿದ್ದ ಹಾಗೆ. ಭಾನುವಾರದ ಬಲಿಪೂಜೆಯಲ್ಲಿ ಕೇಳಿದ ವಾಚನವನ್ನು ಎಷ್ಟೋ ಮಂದಿ ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತುಬಿಡ್ತಾರೆ. ಈ ಸಂತರ ಜೀವನವನ್ನು ಬೈಬಲಿನ ಪಕ್ಕದಲ್ಲಿಟ್ಟು ನೋಡಿದರೆ, ಕೇಳಿದ ಮಾತು ಹೇಗೆ ಬಾಳಾಗುತ್ತದೆ ಎಂಬುದು ತಿಳಿಯುತ್ತದೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನೌಲಿಮ್‌ನಲ್ಲಿ. ಅದು ತಾಯಿ ಮರಿಯಾ ದೆ ಮಿರಾಂದಾ ಅವರ ಊರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕ್ವಾಳದವರು. ಕೊಂಕಣಿ ಮಾತಾಡುವ, ಊರಿನಲ್ಲಿ ಮರ್ಯಾದೆಯಿದ್ದ ಕುಟುಂಬ. 1676ರಲ್ಲಿ ಗುರುದೀಕ್ಷೆ ಪಡೆದ ಜೋಸೆಫ್, ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. ಮರುವರ್ಷ, 1677ರ ಆಗಸ್ಟ್ 5ರಂದು, ತಾನು ಮಾತೆ ಮರಿಯಳ ಗುಲಾಮನೆಂದು ಪತ್ರ ಬರೆದು ಸಹಿ ಹಾಕಿದರು. ಕ್ರಿಸ್ತರು ದೇವರಾಗಿದ್ದೂ ದಾಸನ ರೂಪ ತಾಳಿದರೆಂದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾರೆ. ಆ ಮಾತು ಈ ಗುರುವಿನ ಜೀವನದಲ್ಲಿ ಕೊನೆವರೆಗೂ ಎದ್ದು ಕಾಣುತ್ತದೆ.

1681ರಲ್ಲಿ ಅವರನ್ನು ಕೆನರಾಕ್ಕೆ, ಅಂದ್ರೆ ನಮ್ಮ ಕರಾವಳಿಗೆ ಕಳುಹಿಸಲಾಯಿತು. ಇಲ್ಲಿನ ಕ್ರೈಸ್ತರು ಆಗ ಎರಡು ಪಂಗಡ. ಒಂದು ಕಡೆ ಗೋವೆಯ ಅಧಿಕಾರ, ಇನ್ನೊಂದು ಕಡೆ ರೋಮಿನಿಂದ ನೇಮಕಗೊಂಡ ಬಿಷಪ್ ಥಾಮಸ್ ದೆ ಕಾಸ್ಟ್ರೊ. ಯಾರ ಮಾತು ಕೇಳಬೇಕು, ಯಾರು ಕೊಟ್ಟ ಸಂಸ್ಕಾರ ಸರಿ ಅಂತ ಜನರಿಗೆ ಗೊಂದಲ. ಬಲಿಪೀಠಕ್ಕೆ ಕಾಣಿಕೆ ತರುವ ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಆದರೆ ಇಲ್ಲಿ ಜಗಳ ನಡೆದಿದ್ದೇ ಬಲಿಪೀಠದ ಸುತ್ತ! ಫಾದರ್ ವಾಜ್ ಗೋವೆಯ ಮೇಲಧಿಕಾರಿಗಳಿಗೆ ವಿಧೇಯರಾಗಿದ್ದುಕೊಂಡೇ ಬಿಷಪರನ್ನು ಗೌರವದಿಂದ ಕಂಡರು. ಯಾರನ್ನೂ ಹೀಯಾಳಿಸದೆ ಮಾತುಕತೆ ನಡೆಸಿದರು. ಜಗಳ ಒಂದೇ ದಿನದಲ್ಲಿ ಮುಗಿಯಲಿಲ್ಲ, ಆದರೆ ಜನರ ಮನಸ್ಸಿಗೆ ಸಮಾಧಾನ ಸಿಕ್ಕಿತು. 1684ರವರೆಗೆ ಬಸ್ರೂರು, ಗಂಗೊಳ್ಳಿ, ಮಂಗಳೂರು ಕಡೆಯೆಲ್ಲ ನಡೆದೇ ತಿರುಗಿದರು.

ಮುಡಿಪು ಬೆಟ್ಟದ ಮೇಲೆ ಅವರು ರಾತ್ರಿ ಪ್ರಾರ್ಥಿಸುತ್ತಿದ್ದಾಗ ಬೆಳಕು ಕಂಡಿತೆಂದೂ, ಅವರ ಊರುಗೋಲು ತಾಗಿದಲ್ಲಿ ನೀರು ಚಿಮ್ಮಿತೆಂದೂ ಇಲ್ಲಿನವರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ.

ಗೋವೆಗೆ ಮರಳಿದ ಫಾದರ್ ವಾಜ್, 1685ರಲ್ಲಿ ಅಲ್ಲಿನ ಸ್ಥಳೀಯ ಗುರುಗಳನ್ನು ಸೇರಿಸಿ ಒರೆಟರಿ ಸಮುದಾಯವನ್ನು ಗಟ್ಟಿ ಮಾಡಿದರು. ಆದರೆ ಮನಸ್ಸೆಲ್ಲ ಶ್ರೀಲಂಕಾದ ಕಡೆಗೆ. 1658ರಲ್ಲಿ ಡಚ್ಚರು ಅಲ್ಲಿಂದ ಪೋರ್ಚುಗೀಸರನ್ನು ಓಡಿಸಿದ್ದರು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಜನ ಬಲಿಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ ಮೂವತ್ತು ವರ್ಷದ ಹತ್ತಿರ ಕಳೆದಿದ್ದರು. ಚೀಲ ಬೇಡ, ಹಣ ಬೇಡ, ಹೊರಡಿ ಅಂತ ಪ್ರಭು ಯೇಸು ಶಿಷ್ಯರನ್ನು ಕಳುಹಿಸಿದ ವಾಚನ ಇಲ್ಲಿ ನೆನಪಿಗೆ ಬರುತ್ತದೆ. ಫಾದರ್ ವಾಜ್ ಕೂಲಿಯಾಳಿನ ವೇಷ ಹಾಕಿ, ಜಾನ್ ಎಂಬ ಸೇವಕನ ಜೊತೆ ದೋಣಿ ಹತ್ತಿ, 1687ರಲ್ಲಿ ಜಾಫ್ನಾ ಸೇರಿದರು. ಇಳಿಯುವಾಗಲೇ ಆಮಶಂಕೆಯಿಂದ ಜೀವ ಹೋಗುವ ಸ್ಥಿತಿ. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳಿತೋ ಅವರು ಕಥೋಲಿಕರು ಎಂದು ತಿಳಿಯುತ್ತಿತ್ತು. ಆಮೇಲೆ ರಾತ್ರಿ ಗುಟ್ಟಾಗಿ ಬಲಿಪೂಜೆ.

1692ರಲ್ಲಿ ಕ್ಯಾಂಡಿಗೆ ಹೋದಾಗ, ಪೋರ್ಚುಗೀಸರ ಗೂಢಚಾರ ಎಂಬ ಸಂಶಯದಿಂದ ಸೆರೆಮನೆಗೆ ಹಾಕಿದರು. ಅಲ್ಲೂ ಸುಮ್ಮನೆ ಕೂರಲಿಲ್ಲ, ಸಿಂಹಳ ಭಾಷೆ ಕಲಿತರು. ಅವರ ನಡತೆ ಕಂಡ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯ ಕೊನೆಗೆ ಓಡಾಡುವ ಸ್ವಾತಂತ್ರ್ಯ ಕೊಟ್ಟ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಹೆತ್ತವರೇ ಮಕ್ಕಳನ್ನು ಬಿಟ್ಟು ಓಡುವ ಭಯ. ರೋಗಿಗಳನ್ನು ಕಾಡಿಗೆ ಎಸೆದು ಹೋದವರೂ ಇದ್ದರು. ಫಾದರ್ ವಾಜ್ ಮತ್ತು ಅವರ ಸೋದರಳಿಯ ಫಾದರ್ ಜೋಸೆಫ್ ಕಾರ್ವಾಲೊ ಓಡಲಿಲ್ಲ. ಬಿಟ್ಟುಹೋದ ಮನೆಗಳಲ್ಲಿ ರೋಗಿಗಳನ್ನು ಮಲಗಿಸಿ, ಉಣಿಸಿ, ಕೀವು ತೊಳೆದು, ಸತ್ತವರನ್ನು ತಾವೇ ಮಣ್ಣು ಮಾಡಿದರು. ಬೌದ್ಧನೋ ಕ್ರೈಸ್ತನೋ ಅಂತ ಕೇಳಲಿಲ್ಲ. ರೋಗಿಯನ್ನು ನೋಡಿಕೊಂಡವನು ತನ್ನನ್ನೇ ನೋಡಿಕೊಂಡನೆಂದು ಪ್ರಭು ಹೇಳುವ ಮತ್ತಾಯ 25ನೇ ಅಧ್ಯಾಯಕ್ಕೆ ಇದಕ್ಕಿಂತ ದೊಡ್ಡ ಪ್ರಬೋಧನೆ ಬೇಕೇ?

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಅವರು ಪ್ರಭುವಿನಲ್ಲಿ ಐಕ್ಯರಾದರು. ಪೋಪ್ ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಅವರನ್ನು ಧನ್ಯರೆಂದು, ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದು ಘೋಷಿಸಿದರು. ಎರಡೂ ಸಮಾರಂಭ ನಡೆದದ್ದು ಕೊಲಂಬೊದಲ್ಲೇ.

ಬೆಟ್ಟ ಹತ್ತಿ ಬಂದವರು ಮೇಣದ ಬತ್ತಿ ಹಚ್ಚಿ, ಕೋರಿಕೆ ಹೇಳಿಕೊಳ್ಳುವುದು ಸರಿಯೇ. ಇಳಿಯುವಾಗ ಇನ್ನೊಂದು ಕೆಲಸವೂ ಇರಲಿ. ಜಾಗದ ತಕರಾರಿನಿಂದ ಮಾತು ಬಿಟ್ಟ ಅಣ್ಣನ ಮನೆ ದಾರಿಯಲ್ಲೇ ಇರಬಹುದು. ಹಾಸಿಗೆ ಹಿಡಿದ ಅತ್ತೆಯ ಕೋಣೆಗೆ ಹೋಗದೆ ವಾರವಾಗಿರಬಹುದು. ಮುಂದಿನ ಭಾನುವಾರದ ವಾಚನಕ್ಕೆ ಮೊದಲು ಆ ಒಂದು ಬಾಗಿಲನ್ನು ತಟ್ಟಿ ಬನ್ನಿ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.